ನೀರು ತಾಗಬಾರದ ಗೆರೆಗಳು

ಮಕ್ಕಳೇ, ಹೋದ ತಿಂಗಳು ಸ್ನೇಹಾ ಮಣಿಕಟ್ಟಿನ ಮೇಲೆ ಒಂದು ಸಣ್ಣ ಹಕ್ಕಿಯ ಹಚ್ಚೆ ಹಾಕಿಸಿಕೊಂಡು ಬಂದಳು. ಎಷ್ಟೋ ದಿನ ಉದ್ದ ತೋಳಿನ ಅಂಗಿ ಹಾಕಿಕೊಂಡು ಮುಚ್ಚಿಟ್ಟಿದ್ದಳಂತೆ. ಊಟಕ್ಕೆ ಕೂತಾಗ ತೋಳು ಮೇಲೆ ಸರಿಯಿತು, ನಿಮ್ಮಪ್ಪನ ಕಣ್ಣಿಗೆ ಬಿತ್ತು. ಅವನು ಕೂಗಾಡಿದ್ದು ಕೆಳಗಿನ ವಾಚ್‌ಮನ್‌ಗೂ ಕೇಳಿಸಿರಬೇಕು. ನಾನು ನೀರಿನ ಲೋಟದಲ್ಲಿ ಹೆಬ್ಬೆರಳು ಅದ್ದಿ ಆ ಹಕ್ಕಿಯನ್ನು ಮೆಲ್ಲಗೆ ಉಜ್ಜಿ ನೋಡಿದೆ.

"ಅಜ್ಜಿ! ಅದು ಹೋಗಂಗಿಲ್ಲ. ಪರ್ಮನೆಂಟ್ ಹೈ," ಎಂದಳು ಸ್ನೇಹಾ.

"ಅಜ್ಜಿ ಕೋ ಲಗಾ ಸ್ಕೆಚ್ ಪೆನ್ ಹೈ," ಎಂದು ತಮ್ಮ ರೋಹನ್ ನಕ್ಕ, ನಾನು ಅದನ್ನು ಸ್ಕೆಚ್ ಪೆನ್ನಿನ ಬಣ್ಣ ಎಂದು ತಿಳಿದೆನಂತೆ. ಸಿಟ್ಟಿನಲ್ಲಿದ್ದ ನಿಮ್ಮಪ್ಪನೂ ನಕ್ಕುಬಿಟ್ಟ. ನಾನೂ ನಕ್ಕೆ. ಹಳ್ಳಿಯ ಮುದುಕಿ, ಏನೂ ತಿಳಿಯದವಳು ಎಂದುಕೊಂಡಿರಿ. ಅನ್ನಿಸಿದರೆ ತಪ್ಪಿಲ್ಲ. ಆಮೇಲೆ ಸ್ನೇಹಾ ಅರಳೆಗೆ ಸ್ಪಿರಿಟ್ ಹಚ್ಚಿಕೊಂಡು ಆ ಜಾಗ ಒರೆಸಿಕೊಂಡಳು. ಆ ವಾಸನೆ ಮೂಗಿಗೆ ಬಂತು ನೋಡಿ, ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎರಡು ದಿನ ಕೈಗೆ ಕೆಲಸ ಹತ್ತಲಿಲ್ಲ. ಅಕ್ಕಿ ಆರಿಸಲು ಕೂತು ಎದ್ದೆ, ಬಟ್ಟೆ ಮಡಚಲು ಹೋಗಿ ಬಿಟ್ಟೆ. ಕೊನೆಗೆ ನಿಮ್ಮ ಹಳೆಯ ನೋಟ್‌ಬುಕ್ ಹುಡುಕಿ ತೆಗೆದೆ. ಬಾಯಿಯಲ್ಲಿ ಹೇಳಲು ನನಗೆ ಬಾರದು. ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದು ಬರೆಯಲು ಸಾಕಾಗುತ್ತದೆ. ನಿಮಗೆ ಓದಲು ತಡವರಿಸಿದರೆ ನಿಮ್ಮಪ್ಪ ಓದಿ ಹೇಳಲಿ.

ಇಸವಿ ಸರಿಯಾಗಿ ನೆನಪಿಲ್ಲ. ಎಪ್ಪತ್ತು ದಾಟಿ ಒಂದೆರಡು ವರ್ಷವಾಗಿತ್ತು. ನಾವು ಭಾಂಡುಪ್‌ನ ಗುಡ್ಡದ ಬುಡದ ಚಾಳಿನಲ್ಲಿದ್ದೆವು. ಒಂದು ಖೋಲಿ, ಅದರ ಮೂಲೆಯಲ್ಲಿ ಸ್ನಾನಕ್ಕೂ ಪಾತ್ರೆಗೂ ಒಂದೇ ಮೋರಿ, ಸಾಲಿನ ಕೊನೆಯಲ್ಲಿ ಎಲ್ಲರಿಗೂ ಸೇರಿ ಎರಡು ಪಾಯಖಾನೆ. ನಿಮ್ಮಜ್ಜ ರಸ್ತೆಯಾಚೆಯ ಪೈಪಿನ ಕಾರ್ಖಾನೆಯಲ್ಲಿ ತಯಾರಾದ ಪೈಪುಗಳನ್ನು ಅಳೆದು ಗುರುತು ಹಾಕುತ್ತಿದ್ದರು. ಕಿವಿಯ ಮೇಲೆ ಯಾವಾಗಲೂ ಒಂದು ನೇರಳೆ ಪೆನ್ಸಿಲ್. ಅದರ ತುದಿಯನ್ನು ನಾಲಿಗೆಗೆ ತಾಗಿಸಿ ಬರೆದರೆ ಶಾಯಿಯಂತೆ ಮೂಡುತ್ತಿತ್ತು. ಅದಕ್ಕೆ ಅವರ ನಾಲಿಗೆಯ ತುದಿಯೂ ನೇರಳೆಯೇ.

ಅವರಿಗೆ ದೊಡ್ಡಕಡೆಗೆ ಹೋದಾಗ ರಕ್ತ ಬೀಳುತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆ. ಆದರೆ ಆ ನಾಚಿಕೆಯಿಂದಲೇ ಆರು ತಿಂಗಳು ಹೋಯಿತು. ಅವರು ಹೇಳಲಿಲ್ಲ, ಬಟ್ಟೆ ಒಗೆಯುವಾಗ ಕಲೆ ನೋಡಿಯೂ ನಾನು ಕೇಳಲಿಲ್ಲ. ಕೊನೆಗೆ ಮೂಲವ್ಯಾಧಿ ಎಂದು ಇಬ್ಬರೂ ನಮ್ಮಷ್ಟಕ್ಕೆ ನಾವೇ ಗೊತ್ತುಮಾಡಿಕೊಂಡೆವು. ಮಜ್ಜಿಗೆ ಕುಡಿಸಿದೆ, ಸುವರ್ಣಗಡ್ಡೆ ಬೇಯಿಸಿ ಹಾಕಿದೆ. ಸೊಂಟದ ಪಂಚೆ ಸಡಿಲವಾಗುತ್ತಾ ಹೋಯಿತು. ಕಾರ್ಖಾನೆಯಲ್ಲಿ ಒಂದು ದಿನ ತಲೆ ಸುತ್ತಿ ಬಿದ್ದರು. ಜೊತೆಯವರು ಎತ್ತಿಕೊಂಡು ಡಾಕ್ಟರ ಹತ್ತಿರ ಒಯ್ದರು. ಅಲ್ಲಿಂದ ದಾದರ್ ಆಚೆಯ ದೊಡ್ಡಾಸ್ಪತ್ರೆಗೆ ಕಳಿಸಿದರು. ಗುದದಲ್ಲಿ ಕ್ಯಾನ್ಸರ್ ಎಂದರು. ನಿಮ್ಮಪ್ಪನನ್ನು ನನ್ನ ತವರಿಗೆ ಕಳಿಸಿದೆ. ಆಗಿನ್ನೂ ಅವನು ಎರಡನೆಯ ಇಯತ್ತೆ.

ನಾನು ಆಸ್ಪತ್ರೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮರಾಠಿ ಅರ್ಧ ತಿಳಿಯುತ್ತಿತ್ತು, ಹಿಂದಿ ಕಾಲು. ನನ್ನ ಬಾಯಾಗಿ ಬರುತ್ತಿದ್ದವಳು ಪಕ್ಕದ ಖೋಲಿಯ ಹುಸೇನಬಿ. ಅವಳು ವಿಜಾಪುರದ ಕಡೆಯವಳು; ಮನೆಯಲ್ಲಿ ದಖನಿ, ನನ್ನ ಜೊತೆ ಕನ್ನಡ, ಲೋಕದ ಜೊತೆ ಜಗಳ. "ಕಾಯ್ಕು ಡರ್ತಿ ಗೇ ಗೌರಿ? ಅವರೇನು ಹುಲಿ ಏನು? ಬಿಳಿ ಕೋಟ ಹಾಕ್ಕೊಂಡ ಮನಶ್ಯಾರು," ಎನ್ನುತ್ತ ಬುರ್ಖಾದ ಮುಸುಕು ಎತ್ತಿ ತಲೆಯ ಮೇಲೆ ಹಾಕಿಕೊಂಡು ಕೌಂಟರಿಗೆ ನುಗ್ಗುತ್ತಿದ್ದಳು.

ಆಪರೇಷನ್ನಿನ ದಿನವೇ ಮೊದಲ ತೊಡಕು ಬಂತು. ಮೈಮೇಲಿನದನ್ನೆಲ್ಲ ಬಿಚ್ಚಿಡಬೇಕು ಎಂದಳು ನರ್ಸ್. ನಿಮ್ಮಜ್ಜ ಉಂಗುರ ಬಿಚ್ಚಿದರು, ಉಡದಾರ ಬಿಚ್ಚಿದರು. ಎದೆಯ ಮೇಲಿನ ಲಿಂಗಕ್ಕೆ ಕೈ ಹಾಕಲು ಬಿಡಲಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಕಟ್ಟಿದ್ದು, ಮಣ್ಣಿಗೆ ಹೋಗುವಾಗಲೂ ಜೊತೆಗೆ ಬರಬೇಕಾದದ್ದು. "ಇದನ್ನ ಬಿಚ್ಚೂದಾದ್ರ ನನ್ನ ಹಿಂಗ ಮನಿಗೆ ಕಳಸ್ರಿ," ಎಂದು ಕಾಲು ಕೆಳಗಿಟ್ಟರು. ಹುಸೇನಬಿ ನರ್ಸಿಗೆ, ನರ್ಸು ಡಾಕ್ಟರಿಗೆ, ಹೀಗೆ ಮಾತು ಹೋಯಿತು. ಕೊನೆಗೆ ಲಿಂಗವನ್ನು ಅದರ ವಸ್ತ್ರದ ಸಮೇತ ಅಂಗೈಯಲ್ಲಿಟ್ಟು ಮುಷ್ಟಿಯ ಸುತ್ತ ಬ್ಯಾಂಡೇಜು ಸುತ್ತಿದರು. ಹಾಗೇ ಒಳಗೆ ಹೋದರು.

ಕೊಯ್ದು ಕೆಟ್ಟದ್ದನ್ನು ತೆಗೆದರು. ಕೆಳಗಿನ ದಾರಿಯನ್ನು ಹೊಲಿದು ಮುಚ್ಚಿ, ಹೊಟ್ಟೆಯ ಎಡಮಗ್ಗುಲಲ್ಲಿ ಕರುಳಿಗೆ ಹೊಸ ಬಾಯಿ ಮಾಡಿದರು. ಇನ್ನು ಮುಂದೆ ಎಲ್ಲ ಅಲ್ಲಿಂದಲೇ. ಈಗಿನ ಹಾಗೆ ಅಂಟಿಸುವ ಚೀಲಗಳು ನಮಗೆಲ್ಲಿ ಸಿಗಬೇಕು? ಹಳೆಯ ಇಳಕಲ್ ಸೀರೆಯನ್ನು ಹರಿದು ಪಟ್ಟಿ ಹೊಲಿದೆ, ಅದರೊಳಗೆ ಅರಳೆ, ಮೇಲೆ ನೀರು ಇಳಿಯದ ಎಣ್ಣೆಬಟ್ಟೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವಾಗ ಸಾಲಿನಲ್ಲಿ ಮೊದಲು ನಿಲ್ಲಲು ಓಡುತ್ತಿದ್ದೆ. ಆ ಪಟ್ಟಿಗಳನ್ನು ಯಾರೂ ನೋಡುವ ಮೊದಲು ಒಗೆಯಬೇಕಿತ್ತು.

ಆದರೂ ಕೆಟ್ಟದ್ದು ಹೋಯಿತಲ್ಲ ಎಂಬ ಸಮಾಧಾನವಿತ್ತು. ಅದೂ ಉಳಿಯಲಿಲ್ಲ. ಕೊಯ್ದು ತೆಗೆದುದರಲ್ಲಿ ಸಣ್ಣ ಸಣ್ಣ ಗಂಟುಗಳಿದ್ದವಂತೆ. ಅವುಗಳನ್ನು ಒಂದೊಂದಾಗಿ ಭೂತಗನ್ನಡಿಯ ಕೆಳಗಿಟ್ಟು ನೋಡಿದ್ದಾರೆ. ಮೂರು ಗಂಟುಗಳಲ್ಲಿ ರೋಗವಿತ್ತು. ನಡುವಯಸ್ಸಿನ ಮರಾಠಿ ಡಾಕ್ಟರಬಾಯಿ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಹುಸೇನಬಿ ಅದನ್ನು ತನ್ನ ರೀತಿಯಲ್ಲಿ ಕನ್ನಡಕ್ಕೆ ತಂದಳು.

"ಕಾಲಾಗ ಮುಳ್ಳ ಮುರದು ಕೀವ ತುಂಬಿದರ ತೊಡಿಸಂದ್ಯಾಗ ಒಂದು ಗಂಟ ಏಳ್ತೈತಿಲ್ಲ? ಹಂಗ ಒಳಗೂ ಗಂಟ ಇರ್ತಾವಂತ, ಸೊಂಟದಾಗೆಲ್ಲ. ಅವು ಪೊಲೀಸ್ ಚೌಕಿ ಇದ್ದಾಂಗ. ಕಳ್ಳ ಬಂದ್ರ ಅಲ್ಲೇ ಹಿಡೀತಾವು. ಈಗ ಕಳ್ಳ ಚೌಕಿಯೊಳಗ ಹೊಕ್ಕಾನಂತ. ಮೂರು ಚೌಕಿ ತಗದು ಒಗದಾರ. ಒಳಗ ಇನ್ನೂ ಎಲ್ಲಿ ಕುಂತಾನೋ ಕಣ್ಣಿಗೆ ಕಾಣಂಗಿಲ್ಲ. ಅದಕ್ಕ ಕರೆಂಟ್ ಕೊಟ್ಟು ಸುಡತಾರಂತ."

"ಮತ್ತ ಕೊಯ್ತಾರೇನು?" ಎಂದು ನಿಮ್ಮಜ್ಜ ಕೇಳಿದರು.

"ಇಲ್ಲ ಭಾಯಿ, ಬೆಳಕು ಬಿಡತಾರ. ನಿಮಗ ಗೊತ್ತೂ ಆಗಂಗಿಲ್ಲ."

ಕೋಬಾಲ್ಟ್ ಎಂಬ ಯಂತ್ರ. ವಾರಕ್ಕೆ ಐದು ದಿನ, ಐದು ವಾರ. ಮೊದಲ ದಿನ ಅವರನ್ನು ಅಂಗಾತ ಮಲಗಿಸಿ, ಎಕ್ಸ್‌ರೇ ತೆಗೆದು, ಅಳೆದು, ಕಿಬ್ಬೊಟ್ಟೆಯ ಮೇಲೆ ನೇರಳೆ ಔಷಧದಲ್ಲಿ ಗೆರೆ ಎಳೆದರು. ಒಂದು ಚೌಕ, ಅದರ ನಡುವೆ ಒಂದು ಕೂಡುಗೆರೆ, ಸೊಂಟದ ಎರಡೂ ಮಗ್ಗುಲಿಗೆ ಒಂದೊಂದು ಗೆರೆ, ಬೆನ್ನಿನ ಕೆಳಗೂ ಹಾಗೇ. ಡಾಕ್ಟರಬಾಯಿ ಬೆರಳೆತ್ತಿ ಹೇಳಿದ ಒಂದು ಮಾತು ನನಗೆ ಹುಸೇನಬಿ ಇಲ್ಲದೆಯೂ ತಿಳಿಯಿತು. ನೀರು ತಾಗಬಾರದು. ಐದು ವಾರ ಹೊಕ್ಕಳಿನಿಂದ ತೊಡೆಯವರೆಗೆ ಸ್ನಾನವಿಲ್ಲ. ಗಂಟುಗಳು ಕಣ್ಣಿಗೆ ಕಾಣುವುದಿಲ್ಲ, ಯಂತ್ರಕ್ಕೆ ಈ ಗೆರೆಯೇ ಕಣ್ಣು. ಒಂದು ಬೆರಳು ಆಚೀಚೆಯಾದರೆ ಒಳ್ಳೆಯದು ಸುಡುತ್ತದೆ, ಕೆಟ್ಟದ್ದು ಉಳಿಯುತ್ತದೆ.

ಎರಡು ವಾರ ದಿನವೂ ಹೋದೆವು. ಆಷಾಢದ ಮಳೆ. ಭಾಂಡುಪ್‌ನಲ್ಲಿ ಲೋಕಲ್ ಗಾಡಿ ಹತ್ತಿದರೆ ದಾದರ್‌ವರೆಗೆ ಅವರು ನಿಂತೇ ಬರುತ್ತಿದ್ದರು. ಹೊಲಿದ ಜಾಗ ಕೂರಲು ಬಿಡುತ್ತಿರಲಿಲ್ಲ. ಯಾರಾದರೂ ಎದ್ದು ಸೀಟು ಕೊಟ್ಟರೆ ನನಗೆ ಇನ್ನಷ್ಟು ಸಂಕಟ. ಯಾಕೆ ಕೂರುವುದಿಲ್ಲ ಎಂದು ಹೇಗೆ ಹೇಳುವುದು? ಹುಸೇನಬಿ ಗದರುತ್ತಿದ್ದಳು: "ಅವರಿಗೆ ನಿಲ್ಲೂ ಶೋಕ್ ಐತ್ರಿ, ನೀವು ಕೂಡ್ರಿ!"

ಕೋಬಾಲ್ಟ್ ಕೋಣೆಯ ಮುಂದೆ ಉದ್ದ ಬಾಂಕು. ಬಾಗಿಲು ನಮ್ಮ ಖೋಲಿಯ ಗೋಡೆಗಿಂತ ದಪ್ಪ. ಅದು ಮುಚ್ಚಿಕೊಂಡು ಮೇಲೆ ಕೆಂಪು ದೀಪ ಹತ್ತಿತೆಂದರೆ ಒಳಗೆ ಅವರೊಬ್ಬರೇ. ಯಂತ್ರ ನಡೆಸುವ ಟೆಕ್ನಿಷಿಯನ್ ಮಂಗಳೂರು ಕಡೆಯವನು, ಹೆಸರು ಶೀನ. ನಮ್ಮ ಕನ್ನಡ ಕೇಳಿ ಮೊದಲ ದಿನವೇ ಹಲ್ಲು ಬಿಟ್ಟಿದ್ದ. "ಎಂತ ಯಜಮಾನ್ರೇ, ಉಸಿರು ಮೆಲ್ಲ ಬಿಡಿ, ಅಲ್ಲಾಡ್ಲಿಕ್ಕಿಲ್ಲ ಆಯ್ತಾ?" ಎನ್ನುತ್ತಿದ್ದ. ಅವನ ಕನ್ನಡ ನಮಗೆ ಪುಸ್ತಕದ ಹಾಗೆ ಕೇಳಿಸಿದರೆ, ನಮ್ಮದು ಅವನಿಗೆ ಜಗಳದ ಹಾಗೆ ಕೇಳಿಸುತ್ತಿತ್ತಂತೆ.

ಯಂತ್ರದಿಂದ ಅವರಿಗೆ ತೊಂದರೆಯಾಗಲಿಲ್ಲ. ಸ್ನಾನವಿಲ್ಲದ್ದು ತೊಂದರೆಯಾಯಿತು. ಮಕ್ಕಳೇ, ನಿಮ್ಮಜ್ಜ ತಲೆಯ ಮೇಲೆ ನೀರು ಹೊಯ್ದುಕೊಳ್ಳದೆ ಲಿಂಗವನ್ನು ಅಂಗೈಗೆ ತಂದವರಲ್ಲ. ಪೂಜೆಯಿಲ್ಲದೆ ಅನ್ನ ಮುಟ್ಟಿದವರಲ್ಲ. ಪಾಳಿ ಯಾವುದಿದ್ದರೂ, ಜ್ವರವಿದ್ದರೂ ಎರಡು ತಂಬಿಗೆಯಾದರೂ ನೀರು, ಒಂದು ಗೆರೆ ವಿಭೂತಿ, ಆಮೇಲೆ ಊಟ. ಈಗ ಹೊಟ್ಟೆಯಲ್ಲೊಂದು ಬಾಯಿ, ಮೈಗೆ ನೀರಿಲ್ಲ. ಲಿಂಗ ಇದ್ದ ಮೈಗೆ ಮೈಲಿಗೆಯಿಲ್ಲ ಎಂದು ನಮ್ಮೂರ ಮಠದ ಅಯ್ಯನವರು ಹೇಳಿದ್ದು ನೆನಪಿತ್ತು. ಹುಸೇನಬಿಗೂ ತಿಳಿಯದ ಹಾಗೆ ಮೆತ್ತಗೆ ಹೇಳಿ ನೋಡಿದೆ.

"ಅಯ್ಯಗೋಳು ಹೇಳ್ಯಾರ. ಮೈ ಕೇಳಬೇಕಲ್ಲ," ಎಂದರು.

ಚಹಾ ಅನ್ನವಲ್ಲ ಎಂದು ಚಹಾ ಕುಡಿಯುತ್ತಿದ್ದರು. ಒತ್ತಾಯಕ್ಕೆ ಒಂದೆರಡು ತುತ್ತು, ಅದೂ ಮುಖ ಆಚೆ ತಿರುಗಿಸಿಕೊಂಡು, ಕದ್ದು ತಿಂದವರ ಹಾಗೆ. ಆಸ್ಪತ್ರೆಯ ತಕ್ಕಡಿಯ ಮುಳ್ಳು ವಾರವಾರವೂ ಇಳಿಯಿತು. ಎರಡನೆಯ ವಾರದ ಕೊನೆಗೆ ಡಾಕ್ಟರಬಾಯಿ ಮುಖ ಗಂಟಿಕ್ಕಿ, ಹೀಗೇ ಇಳಿದರೆ ಕರೆಂಟು ನಿಲ್ಲಿಸಬೇಕಾಗುತ್ತದೆ, ಈ ಮೈ ತಡೆಯುವುದಿಲ್ಲ ಎಂದರು. ನಿಲ್ಲಿಸಿದರೆ? "ಗಂಟ ಉಳೀತಾವ," ಎಂದಳು ಹುಸೇನಬಿ. ಅಷ್ಟೇ ಹೇಳಿ ಬುರ್ಖಾದ ಮುಸುಕು ಇಳಿಸಿಕೊಂಡಳು. ಅದನ್ನು ನೋಡಿ ನನಗೆ ಹೆಚ್ಚು ಭಯವಾಯಿತು.

ಯಾಕೆ ಉಣ್ಣುವುದಿಲ್ಲ ಎಂದು ಡಾಕ್ಟರಬಾಯಿ ಕೇಳಿದರು. ನಿಮ್ಮಜ್ಜ ಹಸಿವಿಲ್ಲ ಎಂದರು. ನನಗೆ ಕಾರಣ ಗೊತ್ತಿತ್ತು. ಹೇಳಲಿಲ್ಲ.

ಶ್ರಾವಣ ಬಂತು. ಮೊದಲನೆಯ ಸೋಮವಾರ ಆಸ್ಪತ್ರೆಗೆ ಏನೋ ರಜೆ. ಹುಸೇನಬಿ ಮಗಳ ಹೆರಿಗೆಗೆಂದು ಬೈಕುಲ್ಲಾಕ್ಕೆ ಹೋಗಿದ್ದಳು. ಬೆಳಗಿನಿಂದ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಊರಲ್ಲಾದರೆ ಈ ಹೊತ್ತಿಗೆ ಬಿಲ್ವಪತ್ರಿ ತರಲು ಹೊರಟಿರುತ್ತಿದ್ದರು. ನಾನು ಒಳಗೆ ಹೊರಗೆ ಓಡಾಡಿದೆ. ಹಿಟ್ಟು ನಾದಿದೆ, ಮುಚ್ಚಿಟ್ಟೆ. ಮತ್ತೆ ಅವರನ್ನು ನೋಡಿದೆ. ಬೆನ್ನಿನ ಮೂಳೆ ಎಣಿಸುವಂತಿತ್ತು. ಸ್ಟೋವ್ ಹಚ್ಚಿ ನೀರಿಟ್ಟೆ.

"ಏಳ್ರಿ, ನೀರು ಕಾದಾವ."

"ಡಾಕ್ಟರ್ ಬ್ಯಾಡ ಅಂದಾರಲ್ಲ."

"ಗೆರಿಗೆ ನೀರು ಹತ್ತದಾಂಗ ನಾ ನೋಡಕೋತೀನಿ. ಏಳ್ರಿ."

ಅವರು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಎದ್ದರು. ಹೊಕ್ಕಳಿನಿಂದ ತೊಡೆಯವರೆಗೆ ಎಣ್ಣೆಬಟ್ಟೆ ಸುತ್ತಿದೆ, ಮೇಲೆ ಕೆಳಗೆ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದೆ. ಮೋರಿಯಲ್ಲಿ ನಿಲ್ಲಿಸಿ ತಲೆಯಿಂದ ಹೊಯ್ದೆ. ಮೊದಲ ತಂಬಿಗೆ ಬಿದ್ದಾಗ ಅವರು ಬಿಟ್ಟ ಉಸಿರು ಈಗಲೂ ಕಿವಿಯಲ್ಲಿದೆ. ಒಂದು, ಎರಡು ಎಂದುಕೊಂಡು ಹೋಗಿ ಇಡೀ ಹಂಡೆ ಖಾಲಿ ಮಾಡಿದೆ. ಬೆನ್ನು ಉಜ್ಜಿದೆ. ಅವರು ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಆಮೇಲೆ ಮಣೆ ಹಾಕಿ ಕೂತರು. ಕೂರಲು ಆಗದಿದ್ದರೂ ಒಂದು ಮಗ್ಗುಲಿಗೆ ವಾಲಿ ಕೂತರು. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಎಷ್ಟು ಹೊತ್ತು ಇದ್ದರೋ. ಎದ್ದವರೇ "ಹಸದೈತಿ" ಎಂದರು. ಎರಡು ರೊಟ್ಟಿ, ಹೆಸರುಬೇಳೆ, ಮೇಲೆ ಮೊಸರನ್ನ. ನಾನು ರೊಟ್ಟಿ ಬಡಿಯುತ್ತಾ ಅಳುತ್ತಿದ್ದೆ, ಹೊಗೆ ಎಂದು ಹೇಳಿದೆ. "ಸ್ಟೋವಿಗೆಲ್ಲಿ ಹೊಗಿ?" ಎಂದು ನಕ್ಕರು.

ಉಂಡು ಮಲಗಿದರು. ಹೊಟ್ಟೆಯ ಪಟ್ಟಿ ಬದಲಿಸಲು ಎಣ್ಣೆಬಟ್ಟೆ ಬಿಚ್ಚಿದೆ. ಬಟ್ಟೆಯೊಳಗೆ ನೀರು ನಿಂತಿತ್ತು, ನೇರಳೆ ನೀರು. ಬಲಗಡೆಯ ಗೆರೆ ಪೂರಾ ಹೋಗಿತ್ತು. ಚೌಕದ ಎರಡು ಮೂಲೆ ಇಲ್ಲ. ನಡುವಿನ ಕೂಡುಗೆರೆ ಇದ್ದ ಜಾಗದಲ್ಲಿ ಮಸಿ ಒರೆಸಿದಂಥ ಒಂದು ಕಲೆ.

ಆಗ ನಾನು ಮಾಡಿದ್ದನ್ನು ಇಲ್ಲಿಯವರೆಗೆ ನಿಮ್ಮಪ್ಪನಿಗೂ ಹೇಳಿಲ್ಲ. ಅವರ ಅಂಗಿಯ ಜೇಬಿನಿಂದ ಆ ನೇರಳೆ ಪೆನ್ಸಿಲ್ ತೆಗೆದೆ. ಬಣ್ಣ ಅದೇ. ದಿನಾ ನೋಡಿದ ಗೆರೆ, ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಊರಲ್ಲಿ ಯಾರ ಮನೆ ಮದುವೆಯಾದರೂ ಅಂಗಳದ ರಂಗೋಲಿಗೆ ನನ್ನನ್ನೇ ಕರೆಯುತ್ತಿದ್ದರು, ಚುಕ್ಕಿಯಿಲ್ಲದೆ ಹಾಕುತ್ತಿದ್ದೆ. ಹೊಕ್ಕಳಿನಿಂದ ಬೆರಳಿಟ್ಟು ಅಳೆದೆ. ತುದಿಯನ್ನು ನಾಲಿಗೆಗೆ ತಾಗಿಸಿ ಎಳೆದೆ. ಮೂಲೆ ಕೂಡಿಸಿದೆ. ಅವರಿಗೆ ಎಚ್ಚರವಾಯಿತು.

"ಏನ ಮಾಡಾಕತ್ತಿ?"

"ಏನಿಲ್ರಿ. ಗೆರಿ ಚೂರು ಮಾಸ್ಯಾವ, ತಿದ್ದಾಕತ್ತೀನಿ."

"ರಂಗೋಲಿ ಹಾಕೂ ಕೈ. ತಪ್ಪಂಗಿಲ್ಲ ಬಿಡು," ಎಂದು ಮತ್ತೆ ಕಣ್ಣು ಮುಚ್ಚಿದರು.

ಎಳೆದು ಮುಗಿಸಿ ದೂರ ನಿಂತು ನೋಡಿದೆ. ಆಸ್ಪತ್ರೆಯವರ ಗೆರೆಗಿಂತ ಚೆಂದವಾಗಿತ್ತು.

ಮರುದಿನ ಇಬ್ಬರೇ ಹೊರಟೆವು. ಮಳೆ ಹಿಡಿದು ಹೊಡೆಯುತ್ತಿತ್ತು. ನಿನ್ನೆಯ ಜಳಕ ಇನ್ನೂ ಮೈಮೇಲಿದೆ ಎಂದು ಅವರು ಬೆಳಿಗ್ಗೆಯೂ ಉಂಡಿದ್ದರು, ಮುಖದಲ್ಲಿ ಕಳೆ ಬಂದಿತ್ತು. ಬಾಗಿಲ ಹತ್ತಿರ ನಿಂತು, ಆ ಕಾರ್ಖಾನೆ ನೋಡು, ಈ ಚಿಮಣಿ ನೋಡು ಎಂದು ತೋರಿಸುತ್ತಿದ್ದರು. ನನಗೆ ಏನೂ ಕಾಣಲಿಲ್ಲ. ವಿಕ್ರೋಳಿ ದಾಟುವಾಗ ಒಂದು ಪ್ರಶ್ನೆ ತಲೆಯೊಳಗೆ ಬಂತು. ಹೊಕ್ಕಳಿನ ಕೆಳಗೆ ಎರಡು ಬೆರಳೋ, ಮೂರೋ? ನಾನು ಮೂರು ಇಟ್ಟಿದ್ದೆ. ಮೂರೇ, ಎಂದುಕೊಂಡೆ. ಘಾಟ್ಕೋಪರ್‌ನಲ್ಲಿ ಎರಡು ಎನ್ನಿಸಿತು. ನನ್ನ ಬೆರಳೋ, ಡಾಕ್ಟರಬಾಯಿಯ ಬೆರಳೋ? ಅವರು ಬೆರಳಿನಿಂದ ಅಳೆದೇ ಇರಲಿಲ್ಲವಲ್ಲ, ಪಟ್ಟಿ ಇಟ್ಟು, ಎಕ್ಸ್‌ರೇ ನೋಡಿ ಅಳೆದಿದ್ದರು. ಮಲಗಿದಾಗ ಎಳೆದ ಗೆರೆ, ನಾನು ಎಳೆಯುವಾಗ ಅವರು ಮಗ್ಗುಲಾಗಿದ್ದರೋ ಅಂಗಾತವೋ? ಕುರ್ಲಾ ದಾಟಿ ಗಾಡಿ ನಿಂತಿತು. ಹಳಿಯ ಮೇಲೆ ನೀರು. ನಿಂತೇ ಇತ್ತು. ಜನ ಗೊಣಗಿದರು, ಕೆಲವರು ಧುಮುಕಿ ನಡೆದು ಹೋದರು. ಗಾಡಿ ಇಲ್ಲೇ ನಿಂತುಬಿಡಲಿ, ಇವತ್ತು ಆಸ್ಪತ್ರೆಯೇ ಸಿಗದಿರಲಿ ಎಂದು ಬೇಡಿಕೊಂಡೆ. ಗಾಡಿ ಹೊರಟಿತು.

"ಯಾಕ, ಮೈಯಾಗ ಆರಾಮಿಲ್ಲೇನು?" ಎಂದು ಕೇಳಿದರು.

"ಇಲ್ರಿ, ಆರಾಮದೀನಿ."

ಗೆರೆ ಮಾಸಿದ್ದಲ್ಲ, ಅಳಿಸಿಯೇ ಹೋಗಿತ್ತು ಎಂದು ಹೇಳಬಹುದಿತ್ತು. ಅವರಿಗೆ ಹೇಳಿದ್ದರೆ ಅವರೇ ಡಾಕ್ಟರಿಗೆ ಹೇಳುತ್ತಿದ್ದರು. ಆದರೆ ಎಷ್ಟೋ ತಿಂಗಳಾದ ಮೇಲೆ ಹೊಟ್ಟೆ ತುಂಬಿ ನಿಂತ ಮನುಷ್ಯ. ಹೇಳಿದರೆ ಇನ್ನೊಮ್ಮೆ ನೀರು ಮುಟ್ಟುವುದಿಲ್ಲ, ಅನ್ನವನ್ನೂ ಮುಟ್ಟುವುದಿಲ್ಲ. ಹೇಳದಿದ್ದರೆ? ಆ ಗಂಟುಗಳು. ಸೊಂಟದೊಳಗೆ ಎಲ್ಲೋ ಕೂತು ನನ್ನ ಚೆಂದದ ಗೆರೆ ನೋಡಿ ನಗುತ್ತಿರುವ ಹಾಗೆ ಅನ್ನಿಸುತ್ತಿತ್ತು.

ತಡವಾಗಿ ತಲುಪಿದೆವು. ಬಾಂಕಿನ ಮೇಲೆ ಜನ ತುಂಬಿದ್ದರು. ಶೀನ ಆಗಲೇ ಹೆಸರು ಕೂಗಿಯಾಗಿತ್ತಂತೆ. "ಬನ್ನಿ ಬನ್ನಿ ಯಜಮಾನ್ರೇ, ಎಂತ ಇಷ್ಟು ತಡ? ಲೈನು ಉದ್ದ ಉಂಟು ನೋಡಿ," ಎಂದು ಅವರ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದ. ನಾನು ಗೋಡೆಗೆ ಆತುಕೊಂಡು ನಿಂತೆ. ಈಗ ಅಂಗಿ ಮೇಲೆತ್ತುತ್ತಾನೆ. ಈಗ ಮಲಗಿಸುತ್ತಾನೆ. ಗೆರೆ ನೋಡಿ ಅನುಮಾನ ಬರುತ್ತದೆ, ಅವನೇ ಕೇಳುತ್ತಾನೆ, ಆಗ ನಾನು ತಲೆಯಾಡಿಸಿದರೆ ಸಾಕು ಎಂದುಕೊಂಡೆ. ಶೀನ ಒಬ್ಬನೇ ಹೊರಗೆ ಬಂದ. ಏನೂ ಕೇಳಲಿಲ್ಲ. ನನ್ನ ಗೆರೆ ಅಷ್ಟು ಚೆಂದವಾಗಿತ್ತು.

ಬಾಗಿಲು ಸರಿಯತೊಡಗಿತು.

"ನಿಲ್ಲಸ್ರೀ!"

ಆ ಕೂಗು ಎಲ್ಲಿಂದ ಬಂತೆಂದು ನಾನೂ ತಿರುಗಿ ನೋಡಿದೆ. ಬಾಂಕಿನ ಮೇಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಶೀನನ ತೋಳು ಹಿಡಿದಿದ್ದೆ, ಪರಪುರುಷನ ತೋಳು. ಸೆರಗು ತಲೆಯಿಂದ ಜಾರಿತ್ತು.

"ಎಂತದ್ದಮ್ಮ? ಬಿಡಿ, ಬಾಗಿಲು ಹಾಕ್ಲಿಕ್ಕುಂಟು."

"ಹಾಕಬ್ಯಾಡ್ರಿ. ಕೈ ಮುಗೀತೀನಿ. ಆ ಗೆರಿ ಡಾಕ್ಟರು ಹಾಕಿದ್ದಲ್ರಿ. ನಾ ಹಾಕಿದ್ದು. ಜಳಕ ಮಾಡಿಸಿದೆ, ಅಳಿಸಿ ಹೋದ್ವು, ಪೆನ್ಸಿಲ್ ತಗೊಂಡು ನಾ ಬರದೀನಿ. ಪೂರಾ ಅಳಿಸಿದ್ದು ಅವರಿಗೆ ಗೊತ್ತಿಲ್ರಿ, ತಪ್ಪು ನಂದು!"

ಒಂದೇ ಉಸಿರಿಗೆ ಹೇಳಿದೆ. ಶೀನನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವನು ಏನನ್ನೋ ಒತ್ತಿದ. ಬಾಗಿಲು ನಿಂತಿತು.

ಡಾಕ್ಟರಬಾಯಿ ಬಂದರು. ನನ್ನನ್ನೂ ಒಳಗೆ ಕರೆದರು. ನಿಮ್ಮಜ್ಜ ಎತ್ತರದ ಮೇಜಿನ ಮೇಲೆ ಅಂಗಾತ ಮಲಗಿದ್ದರು, ನನ್ನ ಕಡೆ ನೋಡಲಿಲ್ಲ. ಡಾಕ್ಟರಬಾಯಿ ಬಾಗಿ ಗೆರೆಗಳನ್ನು ನೋಡಿದರು, ಕಾಗದ ನೋಡಿದರು, ಪಟ್ಟಿ ಇಟ್ಟು ಅಳೆದರು. ಆಮೇಲೆ ನನ್ನ ಮುಖದ ಮುಂದೆ ಎರಡು ಬೆರಳು ಜೋಡಿಸಿ ಹಿಡಿದರು. ಇಷ್ಟು ಆಚೆ, ಬಲಗಡೆಗೆ. ಎಡಗಡೆಯ ಗಂಟಿನ ಜಾಗ ಪೂರಾ ಹೊರಗೆ. ಅವರು ಶೀನನಿಗೆ ಮರಾಠಿಯಲ್ಲಿ ಗಟ್ಟಿಯಾಗಿ ಏನೋ ಅಂದರು. ಅವನು ತಲೆ ತಗ್ಗಿಸಿದ. ಆಮೇಲೆ ನನಗೂ ಬಿತ್ತು. ಅದರ ಒಂದೊಂದು ಮಾತೂ ನನಗೆ ತಿಳಿಯಿತು, ಬರೆಯುವುದಿಲ್ಲ.

"ಸ್ನಾನ ಯಾಕೆ ಮಾಡಿಸಿದ್ರಿ ಅಂತ ಕೇಳ್ತಿದ್ದಾರೆ," ಎಂದ ಶೀನ.

ಒಮ್ಮೆ ಬಾಯಿ ತೆರೆದಾಗಿತ್ತು. ಹೇಳಿದೆ. ನೀರಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ, ಊಟವಿಲ್ಲದೆ ತಕ್ಕಡಿ ಇಳಿಯಿತು, ತಕ್ಕಡಿ ಇಳಿದರೆ ಕರೆಂಟು ಇಲ್ಲ ಎಂದು ನೀವೇ ಅಂದಿರಿ. ಶೀನ ಅದನ್ನು ಹಿಂದಿಯಲ್ಲಿ ಹೇಳುತ್ತಾ ಹೋದ. ಡಾಕ್ಟರಬಾಯಿ ಕನ್ನಡಕ ತೆಗೆದು ಕೋಟಿಗೆ ಒರೆಸಿಕೊಂಡರು.

"ಮೊದಲೇ ಯಾಕೆ ಹೇಳ್ಲಿಲ್ಲ ಅಂತ."

ಜಾರಿದ್ದ ಸೆರಗನ್ನು ತಲೆಗೆ ಎಳೆದುಕೊಳ್ಳಲು ಕೈ ಎತ್ತಿದೆ. ಅವರ ಕಣ್ಣು ನನ್ನ ಮುಂಗೈ ಮೇಲೆ ಬಿತ್ತು. ಅಲ್ಲಿ ನನ್ನ ಹಚ್ಚೆಯಿದೆ, ನೀವೆಲ್ಲ ನೋಡಿದ್ದೀರಿ. ತುಳಸಿಕಟ್ಟೆಯಂಥದ್ದು ಮತ್ತು ಐದು ಚುಕ್ಕಿ. ಹತ್ತು ವರ್ಷದವಳಿದ್ದಾಗ ಊರಿಗೆ ಬಂದ ಹಚ್ಚೆಯವಳು ಸೂಜಿಯಲ್ಲಿ ಚುಚ್ಚಿದ್ದು. ಡಾಕ್ಟರಬಾಯಿ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. "ಗೋಂದಣ," ಎಂದರು, ಹಚ್ಚೆಗೆ ಮರಾಠಿಯ ಮಾತು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಆಮೇಲೆ ಶೀನನ ಕಡೆ ತಿರುಗಿ ಮಾತಾಡಿದರು, ಈ ಸಲ ಮೆತ್ತಗೆ.

ಮೂರು ದಿನ ಕರೆಂಟು ನಿಂತಿತು. ಮತ್ತೆ ಎಕ್ಸ್‌ರೇ, ಮತ್ತೆ ಅಳತೆ. ಆದರೆ ಈ ಸಲ ಗೆರೆ ಎಳೆದು ಬಿಡಲಿಲ್ಲ. ಆ ಗೆರೆಗಳು ಕೂಡುವಲ್ಲಿ ಸ್ಪಿರಿಟ್ ಹಚ್ಚಿ, ಕಪ್ಪು ಶಾಯಿಯ ಒಂದೊಂದು ಹನಿ ಇಟ್ಟು ಸೂಜಿಯಿಂದ ಚುಚ್ಚಿದರು. ಮುಂದೆ ಒಂದು, ಎರಡು ಮಗ್ಗುಲಿಗೆ ಒಂದೊಂದು, ಹಿಂದೆ ಒಂದು. ಸಾಸಿವೆಯಷ್ಟು ನಾಲ್ಕು ಚುಕ್ಕಿ. ಗೆರೆ ಹೋದರೂ ಚುಕ್ಕಿ ಹಿಡಿದು ಮತ್ತೆ ಎಳೆಯಬಹುದು. ಸಾಬೂನು ಬೇಡ, ಉಜ್ಜುವುದು ಬೇಡ, ನೀರು ಹೊಯ್ದುಕೊಳ್ಳಬಹುದು ಎಂದರು.

"ಹೆಂಗಸರಂಗ ಹಚ್ಚಿ ಹಾಕಿಸ್ಕೊಂಡಾಂಗಾತು. ಊರಾಗ ಗೊತ್ತಾದ್ರ ಬಳೀನೂ ಇಡಿಸ್ತಾರ," ಎಂದರು ನಿಮ್ಮಜ್ಜ, ಸೂಜಿಗೆ ಮುಖ ಕಿವುಚುತ್ತಾ.

"ಬಳೆ ನಮ್ಮಲ್ಲಿ ಇಲ್ಲ ಯಜಮಾನ್ರೇ, ಇದ್ದಿದ್ರೆ ಹಾಕ್ತಿದ್ದೆವು," ಎಂದ ಶೀನ.

ಆದರೆ ಅದು ಮೂರು ದಿನದ ಮೇಲಿನ ಮಾತು. ನಾನು ಕೂಗಿದ ದಿನ ವಾಪಸು ಬರುವಾಗ ಅವರು ನನ್ನ ಜೊತೆ ಮಾತಾಡಲಿಲ್ಲ. ದಾದರ್ ಸ್ಟೇಷನ್ನಿನ ಸೇತುವೆ ಏರುವಾಗಲೂ ಇಲ್ಲ, ಗಾಡಿಯಲ್ಲೂ ಇಲ್ಲ. ಮಳೆ ನಿಂತಿತ್ತು. ನಾನು ಅವರ ಹಿಂದೆ ಒಂದು ಮಾರು ದೂರ ನಿಂತಿದ್ದೆ. ಸಾಯನ್, ಕುರ್ಲಾ, ಘಾಟ್ಕೋಪರ್ ಹೋದವು. ಊರಿಗೆ ಕಳಿಸಿಬಿಡುತ್ತಾರೆ ಎಂದುಕೊಂಡೆ. ಕಳಿಸಲಿ, ಉಳಿದರೆ ಸಾಕು ಎಂದೂ ಅಂದುಕೊಂಡೆ. ಭಾಂಡುಪ್‌ನಲ್ಲಿ ಇಳಿದು, ಕೆಸರಿನಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಚಾಳಿನ ಹತ್ತಿರ ಬಂದಾಗ ಅವರು ನಿಂತರು.

"ಬಾಗಲಾ ಅಷ್ಟು ದಪ್ಪ ಐತಿ," ಎಂದರು. "ಆದ್ರೂ ಒಳಗ ಕೇಳಿಸ್ತು. ಮದುವಿ ಆಗಿ ಇಷ್ಟು ವರ್ಷಾತು, ನಿನಗ ಅಷ್ಟು ದೊಡ್ಡ ದನಿ ಐತಿ ಅಂತ ನನಗ ಗೊತ್ತಿರಲಿಲ್ಲ ನೋಡು."

ನಾನು ಸೆರಗು ಎಳೆದುಕೊಂಡೆ. ಅವರು ಮುಂದೆ ನಡೆದರು. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ, "ರೊಟ್ಟಿ ಎರಡು ಸಾಲಲಿಲ್ಲ ನಿನ್ನೆ. ಇವತ್ತ ಮೂರು ಮಾಡು," ಎಂದರು.

ಬೈಕುಲ್ಲಾದಿಂದ ಮೊಮ್ಮಗನ ಸುದ್ದಿ ಹೊತ್ತು ಬಂದ ಹುಸೇನಬಿ ಕೇಳಿ ಎದೆ ಬಡಿದುಕೊಂಡಳು. "ಹಾಯ್ ಅಲ್ಲಾ! ನಾ ನಾಲ್ಕ ದಿನಾ ಇಲ್ಲ ಅಂದ್ರ ಈ ಮೂಕಿ ಆಸ್ಪತ್ರಿ ಬಾಗಲಾನ ನಿಲ್ಲಿಸ್ಯಾಳ! ಇನ್ನ ನನಗ ಏನ ಕೆಲಸ?" ಆದರೂ ಬರುವುದನ್ನು ಬಿಡಲಿಲ್ಲ. ಶ್ರಾವಣ ಮುಗಿದು, ಕಾರ್ಖಾನೆಯ ಗೇಟಿನಲ್ಲಿ ಗಣಪತಿಯ ಪೆಂಡಾಲು ಏಳುವ ಹೊತ್ತಿಗೆ ಕರೆಂಟು ಮುಗಿಯಿತು. ಚರ್ಮ ಸುಟ್ಟು ಕಪ್ಪಾಗಿತ್ತು, ಭೇದಿ, ಸುಸ್ತು ಎಲ್ಲ ಆಯಿತು. ಆದರೆ ತಕ್ಕಡಿಯ ಮುಳ್ಳು ಇಳಿಯಲಿಲ್ಲ. ದಿನವೂ ಬೆಳಿಗ್ಗೆ ಎರಡು ತಂಬಿಗೆ ನೀರು, ಒಂದು ಗೆರೆ ವಿಭೂತಿ, ಆಮೇಲೆ ರೊಟ್ಟಿ. ಎಷ್ಟೋ ವರ್ಷ ಡಾಕ್ಟರಬಾಯಿಗೆ ತೋರಿಸಲು ಹೋಗುತ್ತಿದ್ದೆವು. ಪ್ರತಿ ಸಲವೂ ಅವರು ತೊಡೆಸಂದನ್ನು, ಹೊಟ್ಟೆಯನ್ನು ಒತ್ತಿ ನೋಡಿ ತಲೆಯಾಡಿಸುವವರೆಗೆ ನನಗೆ ಉಸಿರು ನಿಂತೇ ಇರುತ್ತಿತ್ತು. ಗಂಟು ಮತ್ತೆ ಬರಲಿಲ್ಲ.

ನಿಮ್ಮಪ್ಪನ ಮದುವೆ ನೋಡಿದರು. ಸ್ನೇಹಾ, ನಿನ್ನನ್ನು ಎತ್ತಿಕೊಂಡರು, ರೋಹನ್ ಹುಟ್ಟುವ ಮೊದಲು ಹೋದರು. ಎದೆನೋವು, ಒಂದು ಮಧ್ಯಾಹ್ನದ ಒಳಗೆ. ಮಣ್ಣಿಗೆ ಒಯ್ಯುವ ಮೊದಲು ಕೂರಿಸಿ ನೀರು ಹೊಯ್ದರು. ಕೊನೆಯ ತಂಬಿಗೆ ನನ್ನ ಕೈಗೆ ಕೊಟ್ಟರು. ನೀರು ಇಳಿದಾಗ ಆ ಚುಕ್ಕಿಗಳು ಕಂಡವು. ಚರ್ಮ ಸಡಿಲವಾಗಿತ್ತು, ಚುಕ್ಕಿ ಹಾಗೇ ಇದ್ದವು. ನೀರು ಹೊಯ್ಯುತ್ತಿದ್ದ ನಮ್ಮವರೊಬ್ಬರು ಕೊಳೆಯೆಂದು ತಿಳಿದು ಉಜ್ಜತೊಡಗಿದರು. "ಬಿಡ್ರಿ, ಅದು ಹೋಗಂ‌ಗಿಲ್ಲ," ಎಂದೆ. ಗಟ್ಟಿಯಾಗಿಯೇ ಎಂದೆ. ಅವರು ಕೈ ತೆಗೆದ ಮೇಲೆ, ಯಾರೂ ನೋಡದ ಹಾಗೆ, ಒದ್ದೆ ಹೆಬ್ಬೆರಳಿನಿಂದ ನಾನೇ ಒಮ್ಮೆ ಉಜ್ಜಿದೆ.

ಅವತ್ತು ಊಟಕ್ಕೆ ಕೂತಾಗ ನಿನ್ನ ಮಣಿಕಟ್ಟಿಗೆ ಹೋದದ್ದು ಅದೇ ಹೆಬ್ಬೆರಳು, ಸ್ನೇಹಾ. ಅಳಿಸಲೆಂದು ಅಲ್ಲ.